ಕಡಲ ದಂಡೆಯಿಂದ ಬಾಲಗ್ರಹಗಳ ಕಡೆಗೆ

ಭಟ್ಕಳದಿಂದ ಹೊನ್ನಾವರದ ಮಾರ್ಗವಾಗಿ ಕುಮಟೆಗೆ ಹೊರಟ ಪ್ರವಾಸಿಗೆ ಎಡಗಡೆ ಕಡಲು, ಬಲಗಡೆ ಘಟ್ಟ. ದಾರಿ ತಪ್ಪುವ ಭಯವೇ ಇಲ್ಲ. ಒಟ್ಟು ಸುಮಾರು 60 ಕಿಲೊಮೀಟರಿನ ಹಾದಿ. ಮೆಣಸಿನ ವ್ಯಾಪಾರಕ್ಕೆಂದು ಅರಬರೂ ಪೋರ್ಚುಗೀಸರೂ ಹಾಯಿಹಡಗುಗಳಲ್ಲಿ ಬಂದಿಳಿದ ಈ ದಂಡೆಗೆ ನಕ್ಷತ್ರಗಳ ನಂಟು ಹೊಸತಲ್ಲ. ಅಂದಿನ ನಾವಿಕರು ನಕ್ಷತ್ರಗಳನ್ನು ನೋಡಿ ತಮ್ಮ ದಿಕ್ಕನ್ನು ಅರಿತರು. ಇಂದಿನ ಖಗೋಳಜ್ಞರು ಆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ದಿಕ್ಕನ್ನೇ ಅಳೆಯತೊಡಗಿದ್ದಾರೆ. ಅದರಲ್ಲಿಯೂ ಎಳೆಯ ಗ್ರಹಗಳದು. ‘ಬಾಲಗ್ರಹ’ವೆಂದರೆ ನಮ್ಮ ಅಜ್ಜಿಯರು ಮಕ್ಕಳಿಗೆ ದೃಷ್ಟಿ ತೆಗೆಯಲು ಹೊರಡುತ್ತಿದ್ದರು. ಈ ಬಾಲಗ್ರಹಗಳು ಯಾರನ್ನೂ ಕಾಡುವಂಥವಲ್ಲ. ಆದರೆ ವಿಜ್ಞಾನಿಗಳ ನಿದ್ರೆಯನ್ನೇನೋ ಕೆಡಿಸಿವೆ.

ಕಾರಣವನ್ನು ತಿಳಿಯಲು ಭಟ್ಕಳದ ಬಂದರಿನಲ್ಲಿ ಕ್ಷಣಹೊತ್ತು ನಿಂತರೆ ಸಾಕು. ಹಳೆಯ ದೋಣಿಯೊಂದು ಒಂದು ಮಗ್ಗುಲಿಗೆ ವಾಲಿ ನಿಂತಿದ್ದರೆ, ಅದು ಕಟ್ಟಿದವನ ತಪ್ಪೋ, ಬಿರುಗಾಳಿಯ ಪೆಟ್ಟೋ ಎಂದು ಹೇಳುವುದು ಕಷ್ಟ. ಆಗತಾನೆ ನೀರಿಗಿಳಿದ ದೋಣಿಯನ್ನು ನೋಡಿದರೆ ಸಂದೇಹಕ್ಕೆ ಎಡೆಯಿಲ್ಲ. ನಮ್ಮ ಸೂರ್ಯ ತನ್ನ ಅಕ್ಷದ ಮೇಲೆ ತಿರುಗುವ ದಿಕ್ಕಿನಲ್ಲಿಯೇ ಭೂಮಿಯೂ ಅವನನ್ನು ಸುತ್ತುತ್ತದೆ. ಎರಡಕ್ಕೂ ನಡುವಣ ಓರೆ ಸುಮಾರು 7 ಅಂಶ ಮಾತ್ರ. ತಿರುಗುವ ಒಂದೇ ಧೂಳಿನ ತಟ್ಟೆಯಿಂದ ಇಬ್ಬರೂ ಹುಟ್ಟಿದುದರ ಗುರುತು ಅದು. ಆದರೆ 2009ರ ಸುಮಾರಿಗೆ, ತಮ್ಮ ನಕ್ಷತ್ರ ತಿರುಗುವುದಕ್ಕೆ ವಿರುದ್ಧವಾಗಿ ಸುತ್ತುವ ಗ್ರಹಗಳೂ ಕಂಡುಬಂದವು. ಅವು ಹುಟ್ಟಿನಿಂದಲೇ ಹಾಗೋ, ಬೆಳೆದ ಮೇಲೆ ನೆರೆಯ ಗ್ರಹಗಳ ಸೆಳೆತಕ್ಕೆ ಸಿಕ್ಕಿ ಕೆಟ್ಟವೋ?

ಇಷ್ಟು ದೂರದ ಓರೆಯನ್ನು ಅಳೆಯುವುದಾದರೂ ಹೇಗೆ? ಉತ್ತರದ ಅರ್ಧಭಾಗ ಹೊನ್ನಾವರದಲ್ಲಿದೆ. ಇಲ್ಲಿ ಶರಾವತಿಯ ಮೇಲೆ ಕೊಂಕಣ ರೈಲ್ವೆಯ ಅತಿ ಉದ್ದವಾದ ಸೇತುವೆ ಹಾಯ್ದಿದೆ. ಎರಡು ಕಿಲೊಮೀಟರಿಗೂ ಮಿಗಿಲು. ಹಳಿಯ ಬದಿಯಲ್ಲಿ ನಿಂತವನಿಗೆ, ಹತ್ತಿರ ಬರುವ ರೈಲಿನ ಕೂಗು ಏರುಶ್ರುತಿಯಲ್ಲಿ ಕೇಳಿಸುತ್ತದೆ. ರೈಲು ದಾಟಿ ದೂರವಾಗುತ್ತಲೇ ಶ್ರುತಿ ಇಳಿಯುತ್ತದೆ. ಈ ತತ್ತ್ವವನ್ನು 1842ರಲ್ಲಿ ಆಸ್ಟ್ರಿಯದ ಡಾಪ್ಲರ್ ವಿವರಿಸಿದನು. ಬೆಳಕಿಗೂ ಇದೇ ನಿಯಮ: ಹತ್ತಿರ ಬರುವ ಬೆಳಕು ನೀಲಿಯ ಕಡೆಗೂ ದೂರ ಸರಿಯುವ ಬೆಳಕು ಕೆಂಪಿನ ಕಡೆಗೂ ತುಸು ವಾಲುತ್ತದೆ.

ಉಳಿದರ್ಧ ಯಕ್ಷಗಾನದ ರಂಗದಲ್ಲಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ತಾಲ್ಲೂಕು ಇದು. ವೇಷಧಾರಿ ಮಂಡಿ ಹಾಕಿ ಗಿರ್ರನೆ ಸುತ್ತುವಾಗ ಅವನ ಒಂದು ಭುಜಕೀರ್ತಿ ಪ್ರೇಕ್ಷಕನತ್ತ ಬರುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ. ತಿರುಗುವ ನಕ್ಷತ್ರವೂ ಹಾಗೆಯೇ. ಅದರ ಒಂದು ಪಾರ್ಶ್ವ ತುಸು ನೀಲಿ, ಇನ್ನೊಂದು ತುಸು ಕೆಂಪು. ಗ್ರಹವು ಅದರೆದುರು ಹಾಯುವಾಗ ಮೊದಲು ನೀಲಿಯ ಪಾರ್ಶ್ವವನ್ನು ಮರೆಮಾಡಿದರೆ ಉಳಿದ ಬೆಳಕು ಕೆಂಪಿಗೆ ವಾಲುತ್ತದೆ, ಅನಂತರ ನೀಲಿಗೆ. ಗ್ರಹ ನಕ್ಷತ್ರದೊಡನೆ ಒಂದೇ ದಿಕ್ಕಿನಲ್ಲಿ ಸಾಗುತ್ತಿದೆಯೆಂದು ಅದರ ಅರ್ಥ. ಕ್ರಮ ತಿರುವುಮುರುವಾದರೆ ಗ್ರಹದ ನಡೆಯೂ ತಿರುವುಮುರುವು. ಒಂದೇ ಪಾರ್ಶ್ವವನ್ನು ಸವರಿ ಹೋದರೆ ಅದರ ಹಾದಿ ಓರೆ. ಜೋಡಿ ನಕ್ಷತ್ರಗಳಲ್ಲಿ ಈ ಪರಿಣಾಮವನ್ನು ರಾಸಿಟರ್ ಮತ್ತು ಮೆಕ್‌ಲಾಫ್ಲಿನ್ ಎಂಬವರು 1924ರಲ್ಲಿ ತೋರಿಸಿದ್ದರು. ಪರಸೂರ್ಯನ ಗ್ರಹವೊಂದರಲ್ಲಿ ಅದು ಮೊದಲು ಕಂಡದ್ದು 2000ದಲ್ಲಿ.

ಕುಮಟೆಗೆ ತಲಪುವಾಗ ಕತ್ತಲಾಗಿರುತ್ತದೆ. ಇಲ್ಲಿಂದ ಉತ್ತರಕ್ಕೆ ಅಂಕೋಲೆ. 1980ರ ಫೆಬ್ರವರಿ 16ರಂದು ಚಂದ್ರನು ಸೂರ್ಯನನ್ನು ಪೂರ್ತಿ ಮರೆಮಾಡಿ ಹಗಲನ್ನೇ ಇರುಳಾಗಿಸಿದ ದಂಡೆ ಅದು. ದೂರದ ಗ್ರಹಗಳ ಹಾಯುವಿಕೆಯೂ ಒಂದು ಗ್ರಹಣವೇ, ಬಲು ಕಿರಿದು. ಅಕ್ಟೋಬರಿನ ರಾತ್ರಿ ಎಂಟರ ಹೊತ್ತಿಗೆ ಮರಳಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ, ಮಕರರಾಶಿಯ ಕೆಳಗೆ ಬರಿಗಣ್ಣಿಗೆ ಬರಿದಾಗಿ ತೋರುವ ಒಂದು ಎಡೆಯಿದೆ. ಅಲ್ಲಿ, ಸುಮಾರು 32 ಜ್ಯೋತಿರ್ವರ್ಷ ದೂರದಲ್ಲಿ, ‘ಎಯು ಮೈಕ್ರೋಸ್ಕೋಪಿ’ ಎಂಬ ಕೆಂಪು ನಕ್ಷತ್ರವಿದೆ. ಅದರ ವಯಸ್ಸು ಸುಮಾರು 2 ಕೋಟಿ ವರ್ಷ. ಸೂರ್ಯನನ್ನು ಅರುವತ್ತರ ಗೃಹಸ್ಥನೆಂದು ಎಣಿಸಿದರೆ ಇದು ಮೂರು ತಿಂಗಳ ಹಸುಳೆ! ಅದರ ಸುತ್ತ ಹುಟ್ಟಿನ ಧೂಳಿನ್ನೂ ಆರಿಲ್ಲ. ಒಳಗಿನ ಗ್ರಹವೊಂದು ಎಂಟೂವರೆ ದಿನಕ್ಕೊಮ್ಮೆ ಅದನ್ನು ಸುತ್ತುವುದು 2020ರಲ್ಲಿ ಪ್ರಕಟವಾಯಿತು. ಅದೇ ವರ್ಷ ಹವಾಯಿ ದ್ವೀಪದ ಮೌನಾ ಕೆಯಾ ಪರ್ವತದ ದೂರದರ್ಶಕಗಳಿಂದಲೂ ಅದರ ಓರೆಯನ್ನು ಅಳೆದರು. ಗ್ರಹದ ಹಾದಿ ನಕ್ಷತ್ರದ ತಿರುಗಣೆಗೆ ಹೆಚ್ಚುಕಡಿಮೆ ನೇರವಾಗಿಯೇ ಇತ್ತು. ಸುಮಾರು ನಾಲ್ಕೂವರೆ ಕೋಟಿ ವರ್ಷದ ‘ಡಿಎಸ್ ಟುಕಾನೆ’ಯ ಗ್ರಹವೂ ಅದೇ ಸಾಕ್ಷಿ ನುಡಿಯಿತು.

ಹಾಗೆಂದು ತೀರ್ಪು ಮುಗಿದಿಲ್ಲ. ಸುಮಾರು 20 ಕೋಟಿ ವರ್ಷದ ‘ಕೆಪ್ಲರ್-63’ರ ಗ್ರಹ ನಕ್ಷತ್ರದ ಧ್ರುವಗಳ ಮೇಲಿಂದ ಹಾಯುತ್ತದೆಂದು 2013ರಲ್ಲಿಯೇ ತಿಳಿದಿತ್ತು. ಅಳೆದ ಹಸುಳೆಗಳೂ ಬೆರಳೆಣಿಕೆಯವು. ಆದರೆ ಪ್ರಶ್ನೆ ಸಣ್ಣದಲ್ಲ: ನಮ್ಮ ಭೂಮಿಯನ್ನು ಹೊತ್ತ ಈ ಅಚ್ಚುಕಟ್ಟಾದ ಸಂಸಾರ ವಿಶ್ವದ ವಾಡಿಕೆಯೋ, ಅಪರೂಪದ ಅದೃಷ್ಟವೋ? ಕುಮಟೆಯ ದಂಡೆಯಲ್ಲಿ ಮಲಗುವ ಹೊತ್ತಾದರೂ ಆ ಗ್ರಹ ಮಾತ್ರ ಸುತ್ತುತ್ತಲೇ ಇರುತ್ತದೆ. ಎಂಟೂವರೆ ದಿನಗಳ ಮೇಲೆ ಮತ್ತೆ ಅದರ ಪುಟ್ಟ ಗ್ರಹಣ.