ಟೈರಿನ ಅಗಲ

ಮೋಟಾರು ಪಂದ್ಯವೆಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಕಿವಿಗಡಚಿಕ್ಕುವ ಸದ್ದು, ಒಂದನ್ನೊಂದು ಹಿಂದಿಕ್ಕಲು ಹೆಣಗುವ ಗಾಡಿಗಳು, ಪ್ರಾಣದ ಹಂಗು ತೊರೆದ ಸವಾರರು, ಅವರ ಬೆನ್ನಿಗೆ ಕೋಟ್ಯಧೀಶರ ಹಣ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕಿಂತ ಬಹು ಸೌಮ್ಯವಾದ, ಗೃಹಸ್ಥರಿಗೆ ಒಗ್ಗುವಂಥ ಮತ್ತೊಂದು ಪಂದ್ಯವು ರೂಢಿಯಲ್ಲಿದೆ. ಆಟೋಕ್ರಾಸ್ ಎಂದು ಅದರ ಹೆಸರು. ರಜಾದಿನದಲ್ಲಿ ಬರಿದಾಗಿರುವ ವಿಶಾಲವಾದ ವಾಹನ ನಿಲ್ದಾಣದಲ್ಲಿಯೋ, ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟು ನೆಲದ ಮೇಲೆಯೋ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ಅಂಕುಡೊಂಕಾದ ಹಾದಿಯೊಂದನ್ನು ರಚಿಸುತ್ತಾರೆ. ಗಡಿಯಾರದೊಡನೆಯೇ ಸೆಣಸಾಟವಾದುದರಿಂದ ಗಾಡಿಗಳು ಒಂದೊಂದಾಗಿ ಬಿಡಲ್ಪಡುತ್ತವೆ. ಓಟವು ಸುಮಾರು ಒಂದು ನಿಮಿಷದ್ದು. ಕಾಲವನ್ನು ಸೆಕೆಂಡಿನ ಸಹಸ್ರಾಂಶದವರೆಗೆ ಅಳೆಯುತ್ತಾರೆ. ಶಂಕುವೊಂದನ್ನು ಕೆಡವಿದವನಿಗೆ 2 ಸೆಕೆಂಡು ದಂಡ. ತನ್ನ ಓಟ ಮುಗಿದ ಬಳಿಕ ಸ್ಪರ್ಧಾಳುವು ಸರದಿಯಂತೆ ಹಾದಿಯ ಬದಿಯಲ್ಲಿ ನಿಂತು, ಇತರರು ಕೆಡವಿದ ಶಂಕುಗಳನ್ನು ಎತ್ತಿ ನಿಲ್ಲಿಸಬೇಕು. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆಯು ಈ ಪಂದ್ಯಕ್ಕೆ ನಿಯಮಾವಳಿಯನ್ನು ಮಾಡಿ, 1973ರಿಂದ ರಾಷ್ಟ್ರೀಯ ಸ್ಪರ್ಧೆಯನ್ನೂ ನಡೆಸಿಕೊಂಡು ಬಂದಿದೆ.

ಈ ಪಂದ್ಯದ ಹಿರಿಮೆ ಇರುವುದು ಅದರ ಸಾಧಾರಣತೆಯಲ್ಲಿ. ಶನಿವಾರ ಸಂತೆಯ ಸಾಮಾನು ಹೊತ್ತ ಗಾಡಿಯೇ ಭಾನುವಾರ ಪಂದ್ಯಕ್ಕೆ ನಿಲ್ಲಬಹುದು. ಸೋಮವಾರ ಯಜಮಾನನನ್ನು ಕೆಲಸಕ್ಕೆ ಕರೆದೊಯ್ಯಬಹುದು. ಆದರೆ ಸೆಕೆಂಡಿನ ಸಹಸ್ರಾಂಶದ ಲೆಕ್ಕ ನಡೆಯುವ ಕಡೆ ಆಸೆಯೂ ಅಷ್ಟೇ ಸೂಕ್ಷ್ಮವಾಗಿ ಒಳಹೊಗುತ್ತದೆ. ಅಲ್ಪ ಅಂತರದಿಂದ ಸೋತವನು ಮನೆಗೆ ಬಂದು ಮೊದಲು ನೋಡುವುದು ಗಾಡಿಯ ಚಕ್ರಗಳನ್ನು. ಟೈರು ಇನ್ನಷ್ಟು ಅಗಲವಾಗಿದ್ದರೆ ಗೆಲ್ಲುತ್ತಿದ್ದೆನೆಂಬ ಯೋಚನೆ ಆ ದೇಶದ ಎಷ್ಟೋ ಮನೆಗಳಲ್ಲಿ ಭಾನುವಾರ ಸಂಜೆ ಹುಟ್ಟುತ್ತದೆ.

ಅಂಥ ಒಬ್ಬ ಗೃಹಸ್ಥನ ಸಂಗತಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಆತನಲ್ಲಿದ್ದುದು ಹೋಂಡಾ ಸಿವಿಕ್ ಎಸ್‌ಐ ಎಂಬ ಚಿಕ್ಕ ಕಾರು. ಅಮೆರಿಕದಲ್ಲಿ 1999 ಮತ್ತು 2000ನೆಯ ಇಸವಿಗಳ ಮಾದರಿಯಾಗಿ ಮಾರಾಟವಾದುದು. ಎಂಜಿನ್ನಿನ ಗಾತ್ರ 1.6 ಲೀಟರು, ಶಕ್ತಿ 160 ಅಶ್ವಬಲ. ಮನೆಗೆಲ್ಲ ಅದೊಂದೇ ಗಾಡಿ. ಹೆಂಡತಿ ನಿತ್ಯವೂ ಅದರಲ್ಲಿಯೇ ಆಸ್ಪತ್ರೆಯ ಕೆಲಸಕ್ಕೆ ಹೋಗುವಳು. ಮಳೆಗಾಲದ ರಾತ್ರಿ ಅದರಲ್ಲಿಯೇ ಹಿಂದಿರುಗುವಳು. ಆದುದರಿಂದ ಆ ಗಾಡಿಯ ಚಕ್ರಗಳಿಗೆ ಏನನ್ನೇ ಮಾಡಿದರೂ ಅದರ ಫಲವು ಪಂದ್ಯದ ಬಯಲಿನಲ್ಲಿಯೇ ಮುಗಿದುಹೋಗುವಂತಿರಲಿಲ್ಲ.

ಆ ಗಾಡಿಗೆ ಕಾರಖಾನೆಯವರು ಕೊಟ್ಟ ಟೈರಿನ ಪಕ್ಕೆಯ ಮೇಲೆ 195/55 ಆರ್ 15 ಎಂಬ ಅಂಕಿಗಳಿರುತ್ತವೆ. ಟೈರಿನ ಅಗಲ 195 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 55 ಪಾಲು. ಅದು ಕೂರುವ ರಿಮ್ಮಿನ ವ್ಯಾಸ 15 ಅಂಗುಲ. ರಿಮ್ಮಿನ ಅಗಲ 6 ಅಂಗುಲ. ಗೃಹಸ್ಥನು ಕಣ್ಣಿಟ್ಟಿದ್ದುದು 225/45 ಆರ್ 15 ಎಂಬ ಟೈರಿನ ಮೇಲೆ. ಮೂವತ್ತು ಮಿಲಿಮೀಟರೆಂದರೆ ಎರಡು ಬೆರಳಿನಗಲಕ್ಕೂ ಕಡಿಮೆ. ಇಷ್ಟರಿಂದ ಏನು ಸಾಧ್ಯವೆಂಬುದನ್ನು ತಿಳಿಯಬೇಕಾದರೆ ಮೊದಲು ಟೈರು ನೆಲವನ್ನು ಹಿಡಿಯುವ ಬಗೆಯನ್ನು ತಿಳಿಯಬೇಕು.

ಫ್ರಾನ್ಸಿನ ಆಮೊಂತೋನ್ ಎಂಬ ವಿಜ್ಞಾನಿಯು 1699ರಲ್ಲಿ ಘರ್ಷಣೆಯ ನಿಯಮವನ್ನು ಪ್ರಕಟಿಸಿದನು. ಒಂದರ ಮೇಲೊಂದು ಜಾರುವ ವಸ್ತುಗಳ ನಡುವಣ ಘರ್ಷಣೆ ಭಾರವನ್ನು ಅವಲಂಬಿಸುತ್ತದೆಯೇ ಹೊರತು ಸ್ಪರ್ಶಿಸುವ ವಿಸ್ತೀರ್ಣವನ್ನಲ್ಲವೆಂದು ಶಾಲೆಯ ಪುಸ್ತಕಗಳು ಇಂದಿಗೂ ಹೇಳುತ್ತವೆ. ಇದು ಟೈರಿಗೂ ಹಾಗೆಯೇ ಅನ್ವಯಿಸುವುದಾದರೆ ಅಗಲದಿಂದ ಯಾವ ಲಾಭವೂ ಇರಬಾರದು. ಮತ್ತೂ ಒಂದು ವಿಚಾರವುಂಟು. ಟೈರು ನೆಲವನ್ನು ಮುಟ್ಟುವ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಣಯಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಮುಂದಿನ ಒಂದು ಚಕ್ರದ ಮೇಲೆ 350 ಕಿಲೋಗ್ರಾಂ ಭಾರವೂ ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ 2.2 ಕಿಲೋಗ್ರಾಂ ಒತ್ತಡವೂ ಇದೆಯೆಂದಿಟ್ಟುಕೊಂಡರೆ, ಸ್ಥೂಲವಾಗಿ 160 ಚದರ ಸೆಂಟಿಮೀಟರಿನಷ್ಟು ರಬ್ಬರು ನೆಲವನ್ನು ಮುಟ್ಟುತ್ತದೆ. ಟೈರು ಅಗಲವಾದರೆ ಈ ವಿಸ್ತೀರ್ಣ ಹೆಚ್ಚುವುದಕ್ಕಿಂತ ಅದರ ಆಕಾರ ಬದಲಾಗುವುದೇ ಅಧಿಕ. ಉದ್ದವಾಗಿದ್ದ ಗುರುತು ಗಿಡ್ಡವಾಗಿ ಅಡ್ಡಕ್ಕೆ ಹರಡುತ್ತದೆ.

ಆದರೆ ರಬ್ಬರು ಮರದಂತೆಯೂ ಕಬ್ಬಿಣದಂತೆಯೂ ನಡೆದುಕೊಳ್ಳುವ ವಸ್ತುವಲ್ಲ. ಅದರ ಮೇಲೆ ಭಾರವನ್ನು ಇಮ್ಮಡಿಯಾಗಿಸಿದರೆ ಹಿಡಿತವು ಇಮ್ಮಡಿಯಾಗುವುದಿಲ್ಲ. ಸ್ವಲ್ಪ ಕಡಿಮೆಯಾಗಿಯೇ ನಿಲ್ಲುತ್ತದೆ. ಗಾಡಿ ರಭಸದಿಂದ ತಿರುಗುವಾಗ ಭಾರವೆಲ್ಲ ಹೊರಮಗ್ಗುಲಿಗೆ ಸರಿಯುತ್ತದೆ. ಸಿವಿಕ್‌ನಂಥ ಗಾಡಿಯಲ್ಲಿ ಎಂಜಿನ್ನಿರುವುದು ಮುಂದೆ. ಎಳೆಯುವುದು, ತಿರುಗಿಸುವುದು, ನಿಲ್ಲಿಸುವುದರಲ್ಲಿ ಹೆಚ್ಚಿನ ಪಾಲು, ಎಲ್ಲವೂ ಮುಂದಿನ ಚಕ್ರಗಳದೇ. ಬಿರುಸಾದ ತಿರುವಿನಲ್ಲಿ ಹಿಂದಿನ ಒಳಚಕ್ರವು ನೆಲವನ್ನೇ ಬಿಟ್ಟು ಮೇಲೇಳುವುದೂ ಉಂಟು. ಹೀಗೆ ಇಡೀ ಮನೆಯ ಭಾರವನ್ನು ಹೊತ್ತ ಹಿರಿಯ ಮಗನಂತಿರುವ ಮುಂದಿನ ಹೊರಚಕ್ರಕ್ಕೆ ಅಗಲವಾದ ಟೈರು ನಿಜವಾಗಿಯೂ ಸಹಾಯಮಾಡುತ್ತದೆ. ಭಾರವು ಅಡ್ಡಕ್ಕೆ ಹಂಚಿಕೊಳ್ಳುತ್ತದೆ. ರಬ್ಬರು ಬೇಗನೆ ಕಾಯುವುದಿಲ್ಲ. ಸಾರಥಿ ಚಕ್ರವನ್ನು ತಿರುಗಿಸಿದೊಡನೆ ಗಾಡಿ ಓಗೊಡುತ್ತದೆ. ಆದುದರಿಂದ ಗೃಹಸ್ಥನ ಆಸೆ ನಿರಾಧಾರವಾದುದಲ್ಲ.

ತೊಡಕು ಪ್ರಾರಂಭವಾಗುವುದು ಆ ಟೈರನ್ನು ಹೊರುವವರಾರೆಂಬ ಪ್ರಶ್ನೆಯಿಂದ. ಚಕ್ರದಲ್ಲಿ ನಾಭಿ, ಅರ, ನೇಮಿಗಳೆಂದು ಹಿಂದಿನವರು ಅಂಗವಿಭಾಗ ಮಾಡಿದ್ದರು. ನೇಮಿಯ ಸ್ಥಾನದಲ್ಲಿ ಇಂದು ರಿಮ್ಮು ನಿಂತಿದೆ. 225ರ ಟೈರಿಗೆ ತಯಾರಕರು ಹೇಳುವ ರಿಮ್ಮಿನ ಅಗಲ 7 ಅಂಗುಲದಿಂದ ಮೊದಲಾಗುತ್ತದೆ. ಅದನ್ನು 6 ಅಂಗುಲದ ರಿಮ್ಮಿನಲ್ಲಿ ತುರುಕಿದರೆ ಟೈರಿನ ಬುಡ ಇಕ್ಕಟ್ಟಿಗೆ ಸಿಕ್ಕಿ ಪಕ್ಕೆಗಳು ಹೊರಕ್ಕೆ ಉಬ್ಬುತ್ತವೆ. ನೆಲವನ್ನು ಮುಟ್ಟುವ ಪಟ್ಟೆಯು ನಡುವೆ ಗುಡ್ಡೆಯಾಗುತ್ತದೆ. ತಿರುವಿನಲ್ಲಿ ಟೈರು ರಿಮ್ಮಿನ ಮೇಲೆ ಹೊರಳಾಡುತ್ತದೆ. ಕೊಂಡದ್ದು ಅಗಲವಾದರೂ ದೊರೆತದ್ದು ಡೋಲಾಯಮಾನವಾದ ಗಾಡಿ. 205/50 ಆರ್ 15 ಎಂಬ ಟೈರಾದರೋ ಅದೇ 6 ಅಂಗುಲದ ರಿಮ್ಮಿನಲ್ಲಿ ಸುಖವಾಗಿ ಕೂರುತ್ತದೆ. ಅಂದರೆ ಹತ್ತು ಮಿಲಿಮೀಟರು ಸಹಜವಾಗಿ ದೊರೆಯುತ್ತದೆ. ಮುಂದಿನ ಇಪ್ಪತ್ತಕ್ಕೆ ಹೊಸ ರಿಮ್ಮುಗಳೇ ಬೇಕು.

ಹೊಸ ರಿಮ್ಮು ಬಂದರೆ ಜಾಗದ ಪ್ರಶ್ನೆ. ನಡುರೇಖೆ ಕದಲದಿದ್ದರೆ 30 ಮಿಲಿಮೀಟರಿನಲ್ಲಿ 15 ಒಳಕ್ಕೂ 15 ಹೊರಕ್ಕೂ ಚಾಚುತ್ತವೆ. ಒಳಗಡೆ ಚಕ್ರವನ್ನು ಹಿಡಿದಿರುವ ತೋಳುಗಳೂ ಬ್ರೇಕಿನ ರಬ್ಬರು ಕೊಳವೆಯೂ ಇವೆ. ಹೊರಗಡೆ ಮಡ್‌ಗಾರ್ಡಿನ ಹರಿತವಾದ ಅಂಚು ಇದೆ. ನಿಂತ ಗಾಡಿಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ಚಕ್ರವು ಪೂರ್ತಿಯಾಗಿ ತಿರುಗಿದಾಗ, ಹಳ್ಳಕ್ಕಿಳಿದು ಮೇಲೆ ನೆಗೆದಾಗ, ಏನು ಏನನ್ನು ಉಜ್ಜುವುದೆಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಬ್ರೇಕಿನ ಕೊಳವೆ ಸವೆಯುವುದು ಭಾನುವಾರದ ಬಯಲಿನಲ್ಲಾದರೂ, ಅದು ಹರಿಯುವುದು ಗುರುವಾರದ ಹೆದ್ದಾರಿಯಲ್ಲಾಗಬಹುದು; ಆಗ ಗಾಡಿಯಲ್ಲಿರುವವಳು ಪಂದ್ಯವನ್ನೇ ಕಾಣದ ಹೆಂಡತಿ.

ವ್ಯಾಸದ ಲೆಕ್ಕವನ್ನೂ ಮಾಡಬೇಕು. ಮೂಲದ ಟೈರಿನ ಹೊರವ್ಯಾಸ 595.5 ಮಿಲಿಮೀಟರು, 225/45ರದು 583.5. ಹನ್ನೆರಡು ಮಿಲಿಮೀಟರು ಕುಗ್ಗಿದ ಕಾರಣ ಗಾಡಿ 6 ಮಿಲಿಮೀಟರು ತಗ್ಗುತ್ತದೆ. ಚಕ್ರದ ಎಳೆತ ನೂರಕ್ಕೆ ಎರಡರಷ್ಟು ಹೆಚ್ಚುತ್ತದೆ. ವೇಗಮಾಪಕವು ಅಷ್ಟೇ ಹೆಚ್ಚನ್ನು ತೋರಿಸುತ್ತದೆ. ಪಂದ್ಯಕ್ಕೆ ಇದು ಅನುಕೂಲವೇ. ಆದರೆ ಮಳೆಯ ನೀರು ನಿಂತ ರಸ್ತೆಯಲ್ಲಿ ಅಗಲವಾದ ಟೈರು ನೀರನ್ನು ಸೀಳಲಾರದೆ ಅದರ ಮೇಲೆ ತೇಲಿ ಜಾರುವ ಸಂಭವ ಹೆಚ್ಚು. ತಣ್ಣನೆಯ ಮುಂಜಾನೆಯಲ್ಲಿ ಒಂದು ನಿಮಿಷದ ಓಟವು ಅಗಲವಾದ ರಬ್ಬರನ್ನು ಕಾಯಿಸಲು ಸಾಲದೆ, ಕಿರಿದಾದ ಟೈರಿನವನೇ ಮುಂದಾಗುವುದೂ ಉಂಟು.

ನಿಯಮಗಳನ್ನು ಮಾಡಿದವರು ಈ ಆಸೆಯ ಸ್ವಭಾವವನ್ನು ಚೆನ್ನಾಗಿ ಅರಿತವರು. ಅಗಲಕ್ಕೆ ಮಿತಿಯಿಲ್ಲದಿದ್ದರೆ ಪಂದ್ಯವು ಹಣದ ಚೀಲಗಳ ಪಂದ್ಯವಾಗಿ, ಸಾಮಾನ್ಯ ಗೃಹಸ್ಥನು ಪ್ರೇಕ್ಷಕನಾಗಿಬಿಡುವನು. ಆದುದರಿಂದ ಗಾಡಿಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ‘ಸ್ಟ್ರೀಟ್’ ಎಂಬ ವರ್ಗದಲ್ಲಿ ರಿಮ್ಮಿನ ಅಗಲವು ಕಾರಖಾನೆಯವರು ಕೊಟ್ಟಷ್ಟೇ ಇರಬೇಕು. ಆ ರಿಮ್ಮಿನಲ್ಲಿ, ಆ ಗಾಡಿಯಲ್ಲಿ ಹಿಡಿಸುವ ಟೈರನ್ನು ಹಾಕಿಕೊಳ್ಳಬಹುದು. ‘ಸ್ಟ್ರೀಟ್ ಟೂರಿಂಗ್’ ಎಂಬ ವಿಭಾಗದಲ್ಲಿ ಅಗಲವಾದ ರಿಮ್ಮಿಗೆ ಅವಕಾಶವಿದ್ದರೂ ಅಲ್ಲಿಯೂ ಎಲ್ಲೆಯಿದೆ. ಚಿಕ್ಕ ಕಾರುಗಳ ಒಂದು ವರ್ಗದಲ್ಲಿ ಟೈರಿಗೆ 225 ಮಿಲಿಮೀಟರು, ರಿಮ್ಮಿಗೆ 7.5 ಅಂಗುಲ ಎಂಬ ಮಿತಿಯು ಅನೇಕ ವರ್ಷ ನಡೆದು ಬಂದಿತು. ಬೆಣ್ಣೆಯಂತೆ ಮೃದುವಾಗಿ ಒಂದೇ ದಿನದಲ್ಲಿ ಸವೆದುಹೋಗುವ ಟೈರುಗಳನ್ನು ಈ ವರ್ಗಗಳಿಂದ ದೂರವಿಡಲು, ಸವಕಳಿಯ ಅಂಕವು 200ಕ್ಕೆ ಕಡಿಮೆಯಿರಬಾರದೆಂಬ ಕಟ್ಟಳೆಯೂ ಇದೆ. ಬಡವನ ಬಲವನ್ನು ಕಾಯುವುದೇ ಈ ಎಲ್ಲೆಗಳ ಉದ್ದೇಶ.

ಗೃಹಸ್ಥನು ಇದನ್ನೆಲ್ಲ ಓದಿಯೂ ಮನಸ್ಸಿಗೆ ಸಮಾಧಾನವಾಗದೆ, ಹೊಸ ರಿಮ್ಮು ಟೈರುಗಳಿಗಾಗಿ ಹಣ ಕೂಡಿಸುತ್ತಿದ್ದನು. ಆಗ ಪಂದ್ಯದ ಬಯಲಿನಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಹೊಸಬರಿಗೆ ಹಿರಿಯರು ಕಲಿಸಿಕೊಡುವುದು ಆ ಕೂಟಗಳಲ್ಲಿ ರೂಢಿ. ಅಪ್ಪಣೆ ಪಡೆದು ಹೊಸಬನ ಗಾಡಿಯನ್ನೇ ಓಡಿಸಿ ತೋರಿಸುವುದೂ ಉಂಟು. ತಲೆ ನರೆತ ಒಬ್ಬ ಹಿರಿಯನು ಗೃಹಸ್ಥನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಸಿವಿಕ್ಕನ್ನು, ಅದೇ ಸವೆದ 195ರ ಟೈರುಗಳ ಮೇಲೆ, ಆತನ ಕಾಲಕ್ಕಿಂತ ಮೂರು ಸೆಕೆಂಡು ಕಡಿಮೆಯಲ್ಲಿ ಓಡಿಸಿದನು. ಅವಸರವೆಂಬುದು ಎಲ್ಲಿಯೂ ಕಾಣಲಿಲ್ಲ. ತಿರುವಿಗೆ ಮುಂಚೆಯೇ ಬ್ರೇಕು ಹಾಕಿ ಮುಗಿಸುವನು. ಚಕ್ರವನ್ನು ಒಮ್ಮೆ ಮಾತ್ರ, ಮೆಲ್ಲನೆ, ತಿರುಗಿಸುವನು. ಕಣ್ಣು ಹತ್ತಿರದ ಶಂಕುವಿನ ಮೇಲಿರದೆ ಮುಂದಿನದರ ಮೇಲಿರುವುದು.

ಗಾಡಿಯಿಂದಿಳಿದ ಮೇಲೆ ಗೃಹಸ್ಥನು ಕೇಳಿದನು: “ಹಾಗಾದರೆ ಅಗಲವಾದ ಟೈರಿನಿಂದ ಪ್ರಯೋಜನವೇ ಇಲ್ಲವೇ?”

ಹಿರಿಯನು ನಕ್ಕು, “ಉಂಟು. ನನಗೆ ಸಮನಾದವನ ಎದುರು ನಿಂತಾಗ ನನಗದು ಬೇಕು. ನಿಮ್ಮ ಟೈರಿನಲ್ಲಿ ಇನ್ನೂ ಮೂರು ಸೆಕೆಂಡು ಉಳಿದಿದೆ. ಮೊದಲು ಅದನ್ನು ಖರ್ಚು ಮಾಡಿರಿ” ಎಂದನು.

ಆ ಮಾತಿನಲ್ಲಿ ಟೈರಿನ ನಿಂದೆಯೂ ಇಲ್ಲ, ಸ್ತುತಿಯೂ ಇಲ್ಲ. ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ಮಾತ್ರ ತೋರಿಸಿದೆ. ಶಾಸ್ತ್ರಪಾಠಕ್ಕೆ ಮುಂಚೆ ವಿದ್ಯಾರ್ಥಿಯ ಅಧಿಕಾರವನ್ನು ವಿಚಾರಿಸುವ ಪದ್ಧತಿಯೊಂದು ಹಿಂದಿನಿಂದ ಬಂದಿದೆ. ಅದು ವಿದ್ಯೆಯನ್ನು ಬಚ್ಚಿಡುವ ಉಪಾಯವಲ್ಲ. ಪಾತ್ರೆಯನ್ನು ನೋಡಿ ಹಾಲೆರೆಯುವ ವಿವೇಕ. ಟೈರಿಗೆ ರಿಮ್ಮು ಪಾತ್ರೆ, ರಿಮ್ಮಿಗೆ ಗಾಡಿ ಪಾತ್ರೆ, ಗಾಡಿಗೆ ಸಾರಥಿ ಪಾತ್ರೆ. ಒಳಗಿನದು ಹಿಗ್ಗಿ ಹೊರಗಿನದು ಕಿರಿದಾದಲ್ಲಿ ಲಾಭವು ಚೆಲ್ಲಿಹೋಗುತ್ತದೆ.

ಗೃಹಸ್ಥನು ಹಳೆಯ ಟೈರು ಸವೆದಾಗ ತನ್ನ ರಿಮ್ಮಿಗೇ ಸರಿಹೊಂದುವ 205ರ ಟೈರುಗಳನ್ನು ಕೊಂಡನು. ಕೂಡಿಟ್ಟ ಹಣದಲ್ಲಿ ಚಕ್ರಗಳ ಕೋನವನ್ನು ಸರಿಪಡಿಸಿ, ಮಿಕ್ಕುದನ್ನು ಪಂದ್ಯಗಳ ಪ್ರವೇಶಧನಕ್ಕೆ ವಿನಿಯೋಗಿಸಿದನು. ಎರಡು ವರ್ಷ ಕಳೆಯುವ ಹೊತ್ತಿಗೆ ಮೂರು ಸೆಕೆಂಡಿನಲ್ಲಿ ಬಹುಪಾಲು ಖರ್ಚಾಗಿತ್ತು. ಆಗ 7.5 ಅಂಗುಲದ ರಿಮ್ಮುಗಳೂ 225ರ ಟೈರುಗಳೂ ಮನೆಗೆ ಬಂದವು. ಅವನ್ನು ತೊಡಿಸುವ ಮುನ್ನ ಚಕ್ರವನ್ನು ಎರಡು ಕೊನೆಗಳವರೆಗೂ ತಿರುಗಿಸಿ, ಗಾಡಿಯನ್ನು ಜ್ಯಾಕಿನಿಂದ ಎತ್ತಿ ಇಳಿಸಿ, ಕೊಳವೆಗೂ ಅಂಚಿಗೂ ಇರುವ ಬಿಡುವನ್ನು ಬೆರಳಿಟ್ಟು ನೋಡಿದನು. ಪಂದ್ಯದ ದಿನ ಬಯಲಿನಲ್ಲಿಯೇ ಅವನ್ನು ಏರಿಸುವುದು, ಸಂಜೆ ಬಿಚ್ಚಿ ಕಿರಿದಾದವನ್ನು ತೊಡಿಸುವುದು, ಒಂದೊಂದು ಬಿರಡೆಯನ್ನೂ ಅಳತೆಯ ಬಲದಿಂದ ಬಿಗಿಯುವುದು, ಇದು ಆತನ ನಿಯಮವಾಯಿತು. ಅಗಲವಾದ ನಾಲ್ಕು ಚಕ್ರಗಳು ವಾರವೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿರುತ್ತವೆ. ಸೋಮವಾರ ಮುಂಜಾನೆ ಮಳೆ ಬರುತ್ತಿದ್ದರೂ ಆತನ ಹೆಂಡತಿ ನಿಶ್ಚಿಂತೆಯಿಂದ ಗಾಡಿ ಹತ್ತಿ ಕೆಲಸಕ್ಕೆ ಹೋಗುತ್ತಾಳೆ.