ದಾರಿ ಒಂದೇ, ಮರ ಬೇರೆ ಬೇರೆ

ಮಾಯಕೊಂಡದಲ್ಲಿ ನನ್ನ ಬೆಳಗಿನ ಓಟ ಅಂದ್ರೆ ರೈಲ್ವೆ ಸ್ಟೇಷನ್ ಕಡೆಯಿಂದ ಹೊಲಗಳ ನಡುವೆ ಐದು ಕಿಲೋಮೀಟರ್. ಎರಡೂ ಬದಿ ಮೆಕ್ಕೆಜೋಳ, ರಸ್ತೆ ಅಂಚಿಗೆ ಬೇವು, ಜಾಲಿ, ಹೊಂಗೆ. ದಿನಾ ಅದೇ ದಾರಿ, ಬೋರ್ ಆಗಲ್ವಾ ಅಂತ ಗೆಳೆಯರು ಕೇಳ್ತಾರೆ. ದಾರಿ ಒಂದೇ ಇರಬಹುದು, ಮರಗಳು ತಿಂಗಳಿಗೊಂದು ಥರ ಇರ್ತವೆ.

ಶಿವರಾತ್ರಿ ಹೊತ್ತಿಗೆ ಮುತ್ತುಗ ಎಲೆ ಕಳಚಿ ಮೈತುಂಬ ಕೇಸರಿ ಹೂ ಬಿಡುತ್ತೆ. ಯುಗಾದಿ ಆಸುಪಾಸಿನಲ್ಲಿ ಬೇವಿನ ಹೂವಿನ ಘಮ. ಹೊಂಗೆಯದ್ದಂತೂ ಬಲು ಜಾಣತನ: ಬೇಸಿಗೆ ಶುರುವಾಗ್ತಿದ್ದಂತೆ ಹಳೆ ಎಲೆ ಉದುರಿಸಿ ಚಿಗುರುತ್ತೆ. ಏಪ್ರಿಲ್ ಬಿಸಿಲು ನೆತ್ತಿ ಸುಡುವಾಗ ಅದರ ಕೆಳಗೆ ತಂಪು ನೆರಳು. ಸೊಪ್ಪು ಹೊಲಕ್ಕೆ ಗೊಬ್ಬರ, ಬೀಜದ ಎಣ್ಣೆ ಹಿಂದೆ ದೀಪಕ್ಕೆ.

ರಸ್ತೆ ಅಗಲ ಮಾಡುವಾಗ ಮೊದಲು ಕೊಡಲಿ ಬೀಳೋದು ಇಂಥ ಸಾಲುಮರಗಳಿಗೇ. ಹೊಸ ಸಸಿ ನೆಟ್ಟರೂ ಆ ನೆರಳು ಬರೋಕೆ ವರ್ಷಗಳು ಬೇಕು. ಹೆಸರೇ ಗೊತ್ತಿಲ್ಲದ ಮರ ಹೋದ್ರೆ ಕೇಳೋರಾದ್ರೂ ಯಾರು?

ನಾಳೆ ಓಡುವಾಗ ಒಂದು ಮರದ ಹತ್ತಿರ ನಿಲ್ಲಿ. ಹೆಸರು ಗೊತ್ತಿಲ್ಲವಾ? ಪಕ್ಕದ ಹೊಲದಲ್ಲಿರೋ ಅಜ್ಜನ್ನ ಕೇಳಿ. ಹೆಸರಿನ ಜೊತೆ ಅದರ ಉಪಯೋಗನೂ ಹೇಳ್ತಾರೆ.