ಮಣಿಕಟ್ಟಿನ ಯಂತ್ರ

ಮುರುಗಮಲ್ಲದ ಬಾವಿಯಲ್ಲಿ ಈಜು ಕಲಿತ ತರುಣನೊಬ್ಬನು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ವಿದ್ಯೆಯನ್ನು ಅಭ್ಯಸಿಸಿ, ಮಣಿಕಟ್ಟಿಗೆ ಕಟ್ಟುವ ಡೈವ್ ಕಂಪ್ಯೂಟರೊಂದನ್ನು ಕೊಂಡನು. ಕಡಲಿನ 10 ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಇಮ್ಮಡಿಯಾಗುವುದು. ಉಸಿರಿನ ನೈಟ್ರೋಜನ್ ದೇಹದಲ್ಲಿ ಕರಗುವುದು. ತ್ವರೆಯಿಂದ ಮೇಲೇರಿದರೆ ಅದೇ ಗುಳ್ಳೆಗಳಾಗಿ ಪ್ರಾಣಕ್ಕೆ ಕುತ್ತಾಗಬಹುದು. 1908ರಲ್ಲಿ ಹಾಲ್ಡೇನರು ಪಟ್ಟಿಯಾಗಿ ಪ್ರಕಟಿಸಿದ ಈ ಬಗೆಯ ಲೆಕ್ಕವನ್ನು ಈಗ ಯಂತ್ರವು ಕ್ಷಣಕ್ಷಣಕ್ಕೂ ಮಾಡುತ್ತಿರುವುದು.

ಎರಡು ವರ್ಷ ತಪ್ಪದೆ ನಡೆದ ಆ ಯಂತ್ರವು ಮೂರನೆಯ ವರ್ಷ, 16 ಮೀಟರು ಆಳದಲ್ಲಿ, ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿತು. ಬ್ಯಾಟರಿಯ ಮುಚ್ಚಳದ ರಬ್ಬರು ಉಂಗುರವು ಸವೆದು ನೀರು ಒಳಹೊಕ್ಕಿತ್ತು. ಎದೆ ನಡುಗಿತಾದರೂ ಆತನು ಗಡಿಯಾರವನ್ನೂ ಸಾಮಾನ್ಯ ಆಳಮಾಪಕವನ್ನೂ ನೋಡುತ್ತ, ನಿಮಿಷಕ್ಕೆ 9 ಮೀಟರು ಮೀರದಂತೆ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಂತು, ದೋಣಿಯನ್ನು ಸೇರಿದನು.

ಗೆಳೆಯನು ಪೆಟ್ಟಿಗೆಯಿಂದ ಬೇರೊಂದು ಯಂತ್ರವನ್ನು ತೆಗೆದುಕೊಟ್ಟು, “ಇಷ್ಟು ದೂರ ಬಂದಿದ್ದೀಯೆ, ಇನ್ನೊಮ್ಮೆ ಇಳಿ” ಎಂದನು. ತರುಣನು ಒಪ್ಪಲಿಲ್ಲ. “ನನ್ನ ಮೈಯಲ್ಲಿ ಉಳಿದಿರುವ ಸಾಲವು ಇದಕ್ಕೆ ತಿಳಿಯದಯ್ಯಾ, ಇದು ಸೊನ್ನೆಯಿಂದಲೇ ಎಣಿಸುವುದು” ಎಂದು ಆ ದಿನ ದೋಣಿಯಲ್ಲಿಯೇ ಕುಳಿತನು.

ಬಾವಿಗೆ ಇಳಿಯುವ ಮುನ್ನ ಹಗ್ಗವನ್ನು ಜಗ್ಗಿ ನೋಡುವುದನ್ನು ಹಿರಿಯರು ಬಾಲ್ಯದಲ್ಲಿಯೇ ಆತನಿಗೆ ಕಲಿಸಿದ್ದರು. ಉಂಗುರವನ್ನು ಸಕಾಲದಲ್ಲಿ ಪರೀಕ್ಷಿಸದೆ ಹೋದ ದೋಷವು ಯಂತ್ರದ್ದಲ್ಲ, ತನ್ನದು ಎಂದು ಆತನು ಊರಿಗೆ ಮರಳಿ ಒಪ್ಪಿಕೊಂಡನು.